ಬಾಡಿಗೆ ಮನೆ ಎಂಬ ಹೂಡಿಕೆ: ಪರ್ಕಳ–ಮಣಿಪಾಲ ವಲಯ

ಬಾಡಿಗೆಯ ಆದಾಯಕ್ಕಾಗಿಯೇ ಕೊಂಡ ಅಥವಾ ಕಟ್ಟಿದ ಒಂದೆರಡು ಮನೆ, ಫ್ಲ್ಯಾಟು ಇಲ್ಲವೇ ರೂಮುಗಳ ಸಣ್ಣ ಕಟ್ಟಡವನ್ನು ಕಿರು ಬಾಡಿಗೆ ಆಸ್ತಿ ಎನ್ನಬಹುದು. ಅದರಲ್ಲಿ ಹಾಕಿದ ಹಣಕ್ಕೆ ತಕ್ಕ ಫಲ ಸಿಗುತ್ತದೆಯೇ ಎಂದು ಅಳೆಯಲು ಬಾಡಿಗೆ, ಖರ್ಚು, ಸಾಲ, ತೆರಿಗೆ, ಕಾಗದಪತ್ರ ಮತ್ತು ಮುಂದಿನ ಬೆಲೆ ಇಷ್ಟನ್ನೂ ಒಟ್ಟಿಗೆ ತೂಗಬೇಕು. ಉಡುಪಿ ಜಿಲ್ಲೆಯ ಪರ್ಕಳ ಮತ್ತು ಅದರ ನೆರೆಯ ಮಣಿಪಾಲ ಇದನ್ನು ತಿಳಿಯಲು ಒಳ್ಳೆಯ ಕ್ಷೇತ್ರ. ಒಂದು ವಿದ್ಯಾಸಂಸ್ಥೆ, ಒಂದು ದೊಡ್ಡ ಆಸ್ಪತ್ರೆ, ಪರವೂರಿನಲ್ಲಿ ದುಡಿಯುವವರ ಉಳಿತಾಯ, ಸೆಂಟ್ಸ್ ಲೆಕ್ಕದಲ್ಲಿ ಮಾರಾಟವಾಗುವ ಜಾಗ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಮಳೆ – ಬಾಡಿಗೆಯನ್ನು ಏರಿಸುವ, ಇಳಿಸುವ ಸಂಗತಿಗಳೆಲ್ಲ ಇಲ್ಲಿ ಕೆಲವೇ ಕಿಲೋಮೀಟರಿನೊಳಗೆ ಸಿಗುತ್ತವೆ.

ಮಲ್ಪೆಯಿಂದ ಉಡುಪಿ, ಮಣಿಪಾಲ, ಹೆಬ್ರಿ, ಆಗುಂಬೆ ಮಾರ್ಗವಾಗಿ ತೀರ್ಥಹಳ್ಳಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ಎ ಪರ್ಕಳ ಪೇಟೆಯನ್ನು ಹಾದು ಹೋಗುತ್ತದೆ. ಪೇಟೆ ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿದೆ. ಮಣಿಪಾಲದ ಟೈಗರ್ ಸರ್ಕಲ್‌ನಿಂದ ಪೂರ್ವಕ್ಕೆ ಇಳಿದರೆ ಈಶ್ವರ ನಗರ, ಆಮೇಲೆ ಪರ್ಕಳ. ಒಳದಾರಿಗಳಲ್ಲಿ ಸರಳೇಬೆಟ್ಟು, ಹೆರ್ಗ, ಶೆಟ್ಟಿಬೆಟ್ಟು. ಪರ್ಕಳದ ಬಾಡಿಗೆಯನ್ನು ಪರ್ಕಳವೊಂದೇ ನಿರ್ಧರಿಸುವುದಿಲ್ಲ. ಮಣಿಪಾಲದಲ್ಲಿ ಏನು ನಡೆಯುತ್ತದೆ ಎಂಬುದು ಅದನ್ನು ನಿರ್ಧರಿಸುತ್ತದೆ.

ಗೇಣಿಯಿಂದ ಬಾಡಿಗೆಗೆ

ಆಸ್ತಿಯನ್ನು ಇನ್ನೊಬ್ಬರಿಗೆ ಬಿಟ್ಟು ಆದಾಯ ಪಡೆಯುವುದು ಕರಾವಳಿಗೆ ಹೊಸತಲ್ಲ. ಕೆನರಾ ಜಿಲ್ಲೆಯಲ್ಲಿ ಮೂಲಿಯವರು ಒಡೆಯರಾಗಿದ್ದರು. ತಲೆತಲಾಂತರಕ್ಕೆ ಒಂದೇ ದರದಲ್ಲಿ ಭೂಮಿ ಪಡೆದವರು ಮೂಲಗೇಣಿದಾರರು. ಒಡೆಯನ ಇಚ್ಛೆಯಿದ್ದಷ್ಟು ಕಾಲ ಮಾತ್ರ ಉಳುವವರು ಚಾಲಗೇಣಿದಾರರು. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಕೃಷಿಭೂಮಿಯ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಹಕ್ಕು ಕೋರಿ ಅರ್ಜಿ, ಅಂದರೆ ‘ಡಿಕ್ಲರೇಶನ್’ ಕೊಟ್ಟ ಗೇಣಿದಾರರು ಒಡೆಯರಾದರು. ಪರ್ಕಳ, ಅಲೆವೂರು, ಆತ್ರಾಡಿ, ಹಿರಿಯಡ್ಕದ ಆಸುಪಾಸಿನಲ್ಲಿ ಇಂದು ಮಾರಾಟಕ್ಕೆ ಬರುವ ಎಷ್ಟೋ ಜಾಗಗಳ ಹಕ್ಕಿನ ಕಥೆ ಆ ಡಿಕ್ಲರೇಶನ್‌ನಿಂದಲೇ ಆರಂಭವಾಗುತ್ತದೆ.

ಆ ನೆನಪು ಇನ್ನೊಂದು ಬಗೆಯಲ್ಲೂ ಉಳಿದಿದೆ. ಮನೆ ಬಾಡಿಗೆಗೆ ಕೊಟ್ಟರೆ ಬಾಡಿಗೆದಾರ ಒಡೆಯನಾಗಿಬಿಟ್ಟಾನು ಎಂಬ ಭಯದಿಂದ ಖಾಲಿ ಬಿಟ್ಟ ಮನೆಗಳು ಜಿಲ್ಲೆಯ ಹಳ್ಳಿಗಳಲ್ಲಿ ಇವೆ. ಭೂಸುಧಾರಣೆಯ ಕಾನೂನು ಕೃಷಿಭೂಮಿಗೆ ಸಂಬಂಧಿಸಿದ್ದು. ಪೇಟೆಯ ವಾಸದ ಮನೆಯನ್ನು ಕರಾರಿನ ಮೇಲೆ ಪಡೆದವನಿಗೆ ಅದರಿಂದ ಒಡೆತನ ಬರುವುದಿಲ್ಲ. ಬಾಡಿಗೆದಾರನಾಗಿ ಒಳಬಂದವನು ಎಷ್ಟು ವರ್ಷ ಕುಳಿತರೂ ಬಾಡಿಗೆದಾರನೇ. ಬಿಡಿಸಲು ತಡವಾಗಬಹುದು, ಅದು ಬೇರೆ ಮಾತು.

ಬಾಡಿಗೆ ಮನೆಗಳ ಪೇಟೆ ಹುಟ್ಟಿದ್ದು ಮಣಿಪಾಲ ಬೆಳೆದ ಮೇಲೆ. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂದವು. 1993ರಲ್ಲಿ ಸಂಸ್ಥೆಗಳ ಈ ಸಮೂಹಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಪಿಗ್ಮಿ ಠೇವಣಿಯಿಂದ ಮನೆಮನೆಗೆ ಮುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಯೂ ಮಣಿಪಾಲದಲ್ಲೇ ಇತ್ತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಇಂದು ಜಿಲ್ಲಾಧಿಕಾರಿ ಕಚೇರಿ ಇರುವ ‘ರಜತಾದ್ರಿ’ ಕೂಡ ಮಣಿಪಾಲದಲ್ಲಿದೆ.

ಬೇಡಿಕೆಯ ಮೂಲಗಳು

ಪರ್ಕಳ ವಲಯದ ಬಾಡಿಗೆದಾರರು ಒಂದೇ ಬಗೆಯವರಲ್ಲ. ಮೊದಲನೆಯವರು ವಿದ್ಯಾರ್ಥಿಗಳು. ಹಾಸ್ಟೆಲ್ ಬಿಟ್ಟು ಹೊರಗೆ ಇರಬಯಸುವವರ ಮೊದಲ ಆಯ್ಕೆ ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರದ ವಿದ್ಯಾರತ್ನ ನಗರ, ಈಶ್ವರ ನಗರದಂಥ ಬಡಾವಣೆಗಳು. ಅಲ್ಲಿ ಬಾಡಿಗೆ ಏರಿದಾಗ, ಇಲ್ಲವೇ ಕೈಯಲ್ಲಿ ಸ್ಕೂಟರ್ ಇದ್ದಾಗ ಅವರು ಸರಳೇಬೆಟ್ಟು, ಪರ್ಕಳದ ಕಡೆ ಇಳಿಯುತ್ತಾರೆ. ಎರಡನೆಯವರು ಆಸ್ಪತ್ರೆಯ ಕಿರಿಯ ವೈದ್ಯರು, ದಾದಿಯರು, ತಂತ್ರಜ್ಞರು. ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಕಸ್ತೂರ್ಬಾ ಆಸ್ಪತ್ರೆಗೆ ಮೂರು ಪಾಳಿಯಲ್ಲೂ ಜನ ಬೇಕು. ಈ ಬೇಡಿಕೆ ಕಾಲೇಜಿನ ರಜೆಗೆ ಕರಗುವುದಿಲ್ಲ. ಮೂರನೆಯವರು ಸರ್ಕಾರಿ ನೌಕರರು, ಬ್ಯಾಂಕಿನವರು, ಅಧ್ಯಾಪಕರು: ಕುಟುಂಬ ಸಮೇತ ಬಂದು ಎರಡು ಮೂರು ವರ್ಷ ಇದ್ದು ವರ್ಗವಾಗಿ ಹೋಗುವವರು. ನಾಲ್ಕನೆಯವರು ಉತ್ತರ ಕರ್ನಾಟಕ ಮತ್ತು ಹೊರರಾಜ್ಯಗಳಿಂದ ಕಟ್ಟಡ ಕೆಲಸಕ್ಕೆ ಬಂದವರು. ಹಳೆಯ ಹಂಚಿನ ಮನೆ ಮತ್ತು ಸಾಲು ರೂಮುಗಳು ನಡೆಯುವುದು ಇವರಿಂದ.

ಹೂಡಿಕೆದಾರ ಮೊದಲು ಯೋಚಿಸಬೇಕಾದದ್ದು, ಈ ನಾಲ್ವರಲ್ಲಿ ತನ್ನ ಮನೆ ಯಾರಿಗೆ ಎಂದು. ವಿದ್ಯಾರ್ಥಿಗಳಿಂದ ಒಟ್ಟು ಬಾಡಿಗೆ ಹೆಚ್ಚು ಬರುತ್ತದೆ, ಮೂವರು ಹಂಚಿಕೊಂಡರೆ ಪ್ರತಿಯೊಬ್ಬರಿಗೂ ಹಗುರ. ಆದರೆ ಮಂಚ, ಕಪಾಟು, ಫ್ರಿಜ್, ವೈಫೈ ಒದಗಿಸಬೇಕು. ಪ್ರತಿ ವರ್ಷ ಬಣ್ಣ, ಬೀಗ, ನಲ್ಲಿ ಬದಲಿಸಬೇಕು. ಹೊಸಬರು ಬರುವ ಜುಲೈ–ಆಗಸ್ಟ್ ತಪ್ಪಿದರೆ ಮನೆ ತಿಂಗಳುಗಟ್ಟಲೆ ಖಾಲಿ. ಕುಟುಂಬದವರು ಕಡಿಮೆ ಕೊಡುತ್ತಾರೆ, ಹೆಚ್ಚು ಕಾಲ ಇರುತ್ತಾರೆ. ತಿಂಗಳ ಬಾಡಿಗೆಯಲ್ಲಿ ಸಾವಿರ ರೂಪಾಯಿ ಬಿಟ್ಟುಕೊಟ್ಟು ಮೂರು ವರ್ಷ ನಿಲ್ಲುವ ಕುಟುಂಬವನ್ನು ಆರಿಸಿಕೊಂಡ ಮಾಲಕನ ನಿವ್ವಳ ಆದಾಯ ಅನೇಕ ಸಲ ಹೆಚ್ಚೇ ಆಗಿರುತ್ತದೆ.

ಒಂದೇ ಮೂಲವನ್ನು ನೆಚ್ಚಿದ ಬೇಡಿಕೆ ಎಷ್ಟು ಬೇಗ ಬರಿದಾಗುತ್ತದೆ ಎಂಬುದನ್ನು 2020 ತೋರಿಸಿತು. ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ತರಗತಿಗಳು ನಿಂತು ವಿದ್ಯಾರ್ಥಿಗಳು ಊರಿಗೆ ಮರಳಿದರು. ಮಣಿಪಾಲದ ಪಿಜಿಗಳು, ಮೆಸ್‌ಗಳು, ಬಾಡಿಗೆ ರೂಮುಗಳು ಬರಿದಾದವು. ಬಾಡಿಗೆ ನಿಂತರೂ ಸಾಲದ ಕಂತು ನಿಲ್ಲಲಿಲ್ಲ. ರಿಸರ್ವ್ ಬ್ಯಾಂಕ್ ಆ ವರ್ಷ ಕಂತು ಮುಂದೂಡಲು ಆರು ತಿಂಗಳ ಅವಕಾಶ ಕೊಟ್ಟಿತ್ತು, ಆದರೆ ಆ ಅವಧಿಗೂ ಬಡ್ಡಿ ಬೆಳೆಯಿತು. ಅದೇ ವರ್ಷದ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಮಣಿಪಾಲ ಒಂದು ಬ್ಯಾಂಕಿನ ಪ್ರಧಾನ ಕಚೇರಿಯನ್ನು ಕಳೆದುಕೊಂಡಿತು. ಎರಡೂ ನಿರ್ಧಾರಗಳು ಊರಿನ ಹೊರಗಿನಿಂದ ಬಂದವು. ಯಾವ ಮನೆ ಮಾಲಕನೂ ಅವನ್ನು ತಡೆಯುವಂತಿರಲಿಲ್ಲ.

ಲೆಕ್ಕದ ಬಗೆ

ಮೌಲ್ಯಮಾಪನದ ಮೊದಲ ಅಳತೆ ಒಟ್ಟು ಪ್ರತಿಫಲ: ವರ್ಷದ ಬಾಡಿಗೆಯನ್ನು ಆಸ್ತಿಯ ಬೆಲೆಯಿಂದ ಭಾಗಿಸಿದ ಶೇಕಡ. ಭಾರತದ ನಗರಗಳಲ್ಲಿ ವಾಸದ ಮನೆಗಳಿಗೆ ಇದು ಸಾಮಾನ್ಯವಾಗಿ ಶೇ. 2ರಿಂದ 4ರ ನಡುವೆ ಇರುತ್ತದೆ. ಅಮೆರಿಕದ ಹೂಡಿಕೆದಾರರು ಬಳಸುವ ‘ಒಂದು ಶೇಕಡ’ ಸೂತ್ರದಂತೆ ತಿಂಗಳ ಬಾಡಿಗೆ ಬೆಲೆಯ ನೂರರಲ್ಲಿ ಒಂದು ಭಾಗವಾದರೂ ಇರಬೇಕು, ಅಂದರೆ 40 ಲಕ್ಷದ ಮನೆಗೆ ತಿಂಗಳಿಗೆ 40,000 ರೂ. ಇಲ್ಲಿನ ಬೆಲೆಯಲ್ಲಿ ಜಾಗದ ಪಾಲು ದೊಡ್ಡದು, ಬಾಡಿಗೆಯಾದರೋ ಊರಿನ ಸಂಬಳಕ್ಕೆ ಕಟ್ಟುಬಿದ್ದದ್ದು. ಹಾಗಾಗಿ ಆ ಸೂತ್ರ ಇಲ್ಲಿಗೆ ಹೊಂದುವುದಿಲ್ಲ.

ಎರಡನೆಯದು, ಹೆಚ್ಚು ನಂಬತಕ್ಕದ್ದು, ನಿವ್ವಳ ಪ್ರತಿಫಲ. ಅದನ್ನು ಒಂದು ಮಾದರಿ ಲೆಕ್ಕದಿಂದ ನೋಡಬಹುದು. ಇಲ್ಲಿಯ ಅಂಕಿಗಳು ವಿಧಾನವನ್ನು ತೋರಿಸಲು ಇಟ್ಟುಕೊಂಡವು, ಪೇಟೆಯ ದರವಲ್ಲ. 40 ಲಕ್ಷ ರೂಪಾಯಿಗೆ ಒಂದು ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಮರುಮಾರಾಟದಲ್ಲಿ ಕೊಂಡರೆನ್ನಿ. ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಶೇ. 7.6, ಅಂದರೆ 3,04,000 ರೂ. ಬ್ರೋಕರ್‌ಗೆ 40,000, ಬಣ್ಣ ಮತ್ತು ದುರಸ್ತಿಗೆ 1,56,000. ಕೈಯಿಂದ ಹೋದದ್ದು 45 ಲಕ್ಷ.

ತಿಂಗಳ ಬಾಡಿಗೆ 15,000; ವರ್ಷಕ್ಕೆ 1,80,000. ಕೊಂಡ ಬೆಲೆಯ ಮೇಲೆ ಇದು ಶೇ. 4.5. ಮಾರುವವರು ಹೇಳುವುದು ಈ ಅಂಕಿಯನ್ನೇ. ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದು 15,000 ಕಳೆಯಬೇಕು. ಆಸ್ತಿ ತೆರಿಗೆ 6,000, ಅಸೋಸಿಯೇಶನ್ನಿನ ನಿರ್ವಹಣೆ ತಿಂಗಳಿಗೆ 1,500ರಂತೆ 18,000, ಬಣ್ಣ, ಪಂಪು, ಪ್ಲಂಬಿಂಗ್ ಸರಾಸರಿ 18,000, ವಿಮೆ 3,000, ಹೊಸ ಬಾಡಿಗೆದಾರನನ್ನು ತಂದ ಬ್ರೋಕರ್‌ಗೆ ಅರ್ಧ ತಿಂಗಳ ಬಾಡಿಗೆ 7,500. ಖರ್ಚು 52,500. ಉಳಿದದ್ದು 1,12,500; ತೊಡಗಿಸಿದ 45 ಲಕ್ಷದ ಮೇಲೆ ಶೇ. 2.5. ನಾಲ್ಕೂವರೆ ಎಂದು ಕಂಡದ್ದು ಎರಡೂವರೆಗೆ ಇಳಿಯಿತು.

ತೆರಿಗೆ ಇನ್ನೂ ಬಾಕಿ. ಬಂದ ಬಾಡಿಗೆ 1,65,000ದಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದಕ್ಕೆ ಶೇ. 30ರ ನಿಗದಿತ ವಿನಾಯಿತಿ ಬಿಟ್ಟರೆ 1,11,300 ರೂ. ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ಶೇ. 20ರ ಹಂತದಲ್ಲಿ ಇರುವವರಿಗೆ ಸೆಸ್ ಸೇರಿ ಸುಮಾರು 23,150 ತೆರಿಗೆ. ಕೈಗೆ ದಕ್ಕಿದ್ದು 89,350, ಅಂದರೆ ಶೇ. 2.

ಇದೇ 45 ಲಕ್ಷ ಶೇ. 7ರ ಬ್ಯಾಂಕ್ ಠೇವಣಿಯಲ್ಲಿದ್ದರೆ ಅದೇ ತೆರಿಗೆಯ ಹಂತದಲ್ಲಿ ಸುಮಾರು ಶೇ. 5.5 ಉಳಿಯುತ್ತಿತ್ತು. ಹತ್ತು ವರ್ಷದಲ್ಲಿ ಠೇವಣಿಯನ್ನು ಸರಿಗಟ್ಟಲು, ಬಾಡಿಗೆ ಏರಲಿಲ್ಲವೆಂದುಕೊಂಡರೆ, ಆ 40 ಲಕ್ಷದ ಫ್ಲ್ಯಾಟು 69 ಲಕ್ಷದ ಆಸುಪಾಸಿಗೆ ಮಾರಾಟವಾಗಬೇಕು, ವರ್ಷಕ್ಕೆ ಶೇ. 5ರಿಂದ 6ರ ಏರಿಕೆ. ಬಾಡಿಗೆ ಏರುತ್ತ ಹೋದರೆ ಈ ಗಡಿ ತುಸು ಇಳಿಯುತ್ತದೆ. ಫ್ಲ್ಯಾಟಿನಲ್ಲಿ ಕಟ್ಟಡ ಹಳತಾಗುತ್ತದೆ, ಬೆಲೆ ಏರುವುದು ಅದರಡಿಯ ಜಾಗದ ಅವಿಭಜಿತ ಪಾಲಿಗೆ ಮಾತ್ರ. ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಒಂದು ಮನೆಗೆ ಬರುವ ಜಾಗ ಒಂದೋ ಎರಡೋ ಸೆಂಟ್ಸ್. ಹೊಸ ಅಪಾರ್ಟ್‌ಮೆಂಟುಗಳು ಪ್ರತಿ ವರ್ಷ ಏಳುತ್ತಿರುವ ಊರಿನಲ್ಲಿ ಹದಿನೈದು ವರ್ಷ ಹಳೆಯ ಫ್ಲ್ಯಾಟಿಗೆ ಆ ಏರಿಕೆ ಖಚಿತವೆಂದು ಹಿಡಿಯಲಾಗದು.

ಸಾಲ ಮಾಡಿ ಕೊಂಡರೆ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದ್ದು ಶೇ. 80ರವರೆಗೆ ಸಿಗಬಹುದು. ಮುದ್ರಾಂಕ ಮತ್ತು ನೋಂದಣಿಯ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಮೇಲಿನ ಫ್ಲ್ಯಾಟಿಗೆ ಶೇ. 8.5ರ ಬಡ್ಡಿಯಲ್ಲಿ, ಇಪ್ಪತ್ತು ವರ್ಷಕ್ಕೆ 30 ಲಕ್ಷ ಸಾಲ ತೆಗೆದರೆ ತಿಂಗಳ ಕಂತು ಸುಮಾರು 26,000 ರೂ. ಮನೆ ಕೊಡುವುದು ಖರ್ಚು ಕಳೆದು ತಿಂಗಳಿಗೆ 9,400ರಷ್ಟು. ಉಳಿದ 16,600 ರೂಪಾಯಿಯನ್ನು ಪ್ರತಿ ತಿಂಗಳೂ ಸಂಬಳದಿಂದ ತುಂಬಬೇಕು. ‘ಬಾಡಿಗೆಯಲ್ಲೇ ಕಂತು ಹೋಗುತ್ತದೆ’ ಎಂಬ ಮಾತು ಈ ಬೆಲೆ, ಈ ಬಾಡಿಗೆಗಳಿಗೆ ಹೊಂದುವುದಿಲ್ಲ. ಅದು ನಿಜವಾಗಬೇಕಾದರೆ ಸಾಲ ಸುಮಾರು 11 ಲಕ್ಷದೊಳಗೆ ಇರಬೇಕು.

ನಿವ್ವಳ ಪ್ರತಿಫಲ ಬಡ್ಡಿದರಕ್ಕಿಂತ ಕೆಳಗಿರುವಾಗ ಸಾಲ ಲಾಭವನ್ನು ಹೆಚ್ಚಿಸುವುದಿಲ್ಲ, ನಷ್ಟವನ್ನು ಹೆಚ್ಚಿಸುತ್ತದೆ. ಊರಿನಲ್ಲೊಂದು ಆಸ್ತಿ ಇರಲೆಂದು ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಂದ ಫ್ಲ್ಯಾಟು ಕಾದಿರಿಸುವವರು ಈ ಒಂದು ಹೋಲಿಕೆಯನ್ನು ಮಾಡಿಕೊಂಡೇ ಸಹಿ ಹಾಕಬೇಕು.

ಇದ್ದ ಜಾಗದಲ್ಲಿ ಕಟ್ಟುವುದು

ಪರ್ಕಳದಂಥ ಊರಿನಲ್ಲಿ ಲೆಕ್ಕ ಬೇರೆಯಾಗುವುದು ಜಾಗ ಮೊದಲೇ ಕೈಯಲ್ಲಿದ್ದವರಿಗೆ. ತಮ್ಮ ಮನೆಯ ಮೇಲೆ ಮೆಟ್ಟಿಲು ಪ್ರತ್ಯೇಕವಿಟ್ಟು ಒಂದು ಅಂತಸ್ತು ಕಟ್ಟಿದವರು, ಹಿತ್ತಲಲ್ಲಿ ಎರಡು ರೂಮು ಏಳಿಸಿದವರು ಈ ವಲಯದ ನಿಜವಾದ ಕಿರು ಹೂಡಿಕೆದಾರರು. 12 ಲಕ್ಷದಲ್ಲಿ ಮೇಲಂತಸ್ತಿನ ಚಿಕ್ಕ ಮನೆಯೊಂದು ಎದ್ದು ತಿಂಗಳಿಗೆ 8,000 ಬಾಡಿಗೆ ತಂದಿತೆನ್ನಿ. ವರ್ಷದ 96,000ದಲ್ಲಿ ಒಂದು ತಿಂಗಳ ಖಾಲಿ ಮತ್ತು 16,000 ಖರ್ಚು ಕಳೆದರೆ 72,000 ಉಳಿಯುತ್ತದೆ; ಶೇ. 6. ಜಾಗಕ್ಕೆ ಹೊಸದಾಗಿ ಹಣ ಕೊಡಬೇಕಿಲ್ಲ, ಮುದ್ರಾಂಕವಿಲ್ಲ, ಬಾವಿ, ಆವರಣ ಗೋಡೆ, ದಾರಿ ಮೊದಲೇ ಇವೆ. ಮಾಲಕರು ಕೆಳಗೇ ಇರುವುದರಿಂದ ಸೋರಿಕೆ ಗಂಟೆಯೊಳಗೆ ಗೊತ್ತಾಗುತ್ತದೆ. ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಯಲ್ಲಿ ಮೇಲೊಂದು ಕುಟುಂಬ ಇರುವುದೇ ಆಸರೆ.

ಇದಕ್ಕೂ ಷರತ್ತುಗಳಿವೆ. ಹಳೆಯ ಕೆಂಪುಕಲ್ಲಿನ ಗೋಡೆ, ತಳಪಾಯ ಮೇಲಂತಸ್ತನ್ನು ಹೊರಬಲ್ಲದೇ ಎಂದು ಎಂಜಿನಿಯರರಿಂದ ಪರೀಕ್ಷೆ ಆಗಬೇಕು. ನಗರಸಭೆಯ ಪರವಾನಿಗೆ ಬೇಕು. ವಿದ್ಯುತ್ತಿಗೆ ಮೆಸ್ಕಾಂನಿಂದ ಪ್ರತ್ಯೇಕ ಮೀಟರ್ ಹಾಕಿಸದಿದ್ದರೆ ಪ್ರತಿ ತಿಂಗಳ ಬಿಲ್ಲೂ ಜಗಳಕ್ಕೆ ದಾರಿ. ಅಣ್ಣತಮ್ಮಂದಿರ ಪಾಲು ಆಗದ ಕುಟುಂಬದ ಜಾಗದಲ್ಲಿ ಒಬ್ಬರು ಮಾತ್ರ ದುಡ್ಡು ಹಾಕಿ ಕಟ್ಟಿದರೆ ಮುಂದೆ ಬಾಡಿಗೆಗೂ ಪಾಲು ಕೇಳುವವರು ಬರುತ್ತಾರೆ. ವಿಭಾಗ ಪತ್ರ ನೋಂದಣಿಯಾದ ಮೇಲೆ ಕಟ್ಟುವುದು ಕ್ಷೇಮ.

ನೀರು ಮತ್ತು ಮಳೆ

ಉಡುಪಿ ನಗರದ ಕುಡಿಯುವ ನೀರು ಬಹುಕಾಲದಿಂದ ಬರುತ್ತಿರುವುದು ಹಿರಿಯಡ್ಕದ ಬಳಿ ಸ್ವರ್ಣಾ ನದಿಗೆ ಕಟ್ಟಿದ ಬಜೆ ಅಣೆಕಟ್ಟಿನಿಂದ. ಪರ್ಕಳಕ್ಕೆ ಆ ಅಣೆಕಟ್ಟು ದೂರವೇನಲ್ಲ. ಆದರೂ ಮುಂಗಾರು ತಡವಾದ ವರ್ಷಗಳಲ್ಲಿ ಏಪ್ರಿಲ್–ಮೇ ಕಷ್ಟ. 2019ರ ಮೇ ತಿಂಗಳಲ್ಲಿ ಬಜೆಯ ನೀರು ತಳ ಕಂಡು, ನಗರಕ್ಕೆ ಸರದಿಯಂತೆ ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬಿಡಬೇಕಾಯಿತು. ಹೋಟೆಲುಗಳೂ ಹಾಸ್ಟೆಲುಗಳೂ ಟ್ಯಾಂಕರ್ ನಂಬಿ ನಡೆದವು. ನಗರಕ್ಕೆ ವಾರಾಹಿ ನದಿಯ ನೀರು ತರುವ ಯೋಜನೆ ಹುಟ್ಟಿದ್ದು ಇಂಥ ಬವಣೆಯಿಂದಲೇ.

ಹಾಗಾಗಿ ಇಲ್ಲಿ ಮನೆ ನೋಡಲು ತಕ್ಕ ಕಾಲ ಮೇ ತಿಂಗಳ ಕೊನೆ. ಆಗ ಬಾವಿಯಲ್ಲಿ ನೀರಿದ್ದರೆ ವರ್ಷವಿಡೀ ಇರುತ್ತದೆ. ಎರಡನೆಯ ಬಾರಿ ನೋಡಬೇಕಾದದ್ದು ಜುಲೈಯಲ್ಲಿ: ತಾರಸಿ ಸೋರುತ್ತದೆಯೇ, ಗೋಡೆಗೆ ತೇವ ಏರಿದೆಯೇ, ಅಂಗಳದ ನೀರು ಎತ್ತ ಹರಿಯುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಕರಾವಳಿಯ ತಾರಸಿ ಮನೆಗಳ ಮೇಲೆ ಕಬ್ಬಿಣದ ಚೌಕಟ್ಟಿಗೆ ಶೀಟು ಹೊದಿಸುವುದು ಈ ಮಳೆಗೇ. ಅದರ ಖರ್ಚು, ಪಾಚಿ ತೆಗೆದು ಬಣ್ಣ ಬಳಿಯುವ ಖರ್ಚು, ಗಾಳಿಗೆ ತೆಂಗಿನ ಮಡಲು ಬಿದ್ದು ಒಡೆಯುವ ಹಂಚಿನ ಖರ್ಚು ಬಯಲುಸೀಮೆಯ ಮಾಲಕರ ಪಟ್ಟಿಯಲ್ಲಿ ಇರುವುದಿಲ್ಲ; ಇಲ್ಲಿ ಅವನ್ನು ಪ್ರತಿ ವರ್ಷದ ಲೆಕ್ಕಕ್ಕೆ ಸೇರಿಸದೆ ಗತಿಯಿಲ್ಲ.

ಕಾಗದಪತ್ರ

ಕೊಳ್ಳುವ ಮುನ್ನ ನೋಡಬೇಕಾದ ದಾಖಲೆಗಳಲ್ಲಿ ಪಹಣಿ, ಋಣಭಾರ ಪತ್ರ, ಹಿಂದಿನ ಕ್ರಯಪತ್ರಗಳ ಸರಣಿ, ಭೂಪರಿವರ್ತನೆಯ ಆದೇಶ, ವಿನ್ಯಾಸ ನಕ್ಷೆಯ ಅನುಮೋದನೆ, ಕಟ್ಟಡ ಪರವಾನಿಗೆ ಮತ್ತು ತೆರಿಗೆ ರಸೀದಿಗಳು ಮುಖ್ಯ. ನಗರಸಭೆಯ ವ್ಯಾಪ್ತಿಯಲ್ಲಿ ಇ–ಖಾತಾ, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ನಮೂನೆ 9 ಮತ್ತು 11 ಬೇಕು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ–ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಪರ್ಕಳದಿಂದ ಹಿರಿಯಡ್ಕದ ಕಡೆ ಸ್ವಲ್ಪ ಸಾಗಿದರೆ ಪಂಚಾಯಿತಿ ಪ್ರದೇಶ. ಅಗ್ಗವಾಗಿ ಸಿಗುವ ಜಾಗಕ್ಕೆ ‘ನೈನ್–ಇಲೆವೆನ್’ ಆಗಿದೆಯೇ ಎಂದು ಜನ ಮೊದಲೇ ಕೇಳುವುದು ಅನುಭವದಿಂದ ಕಲಿತದ್ದು.

ಕರಾವಳಿಗೆ ವಿಶೇಷವಾದ ಎರಡು ತೊಡಕುಗಳಿವೆ. ಒಂದು ಕುಮ್ಕಿ: ವರ್ಗ (ಪಟ್ಟಾ) ಜಮೀನಿನ ಸುತ್ತ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ಪಡೆಯಲು ಕೃಷಿಕನಿಗಿರುವ ಸವಲತ್ತು. ಅದು ಒಡೆತನವಲ್ಲ. ತೋರಿಸುವ ಆವರಣದೊಳಗೆ ಕುಮ್ಕಿ ಸೇರಿದ್ದರೆ ಕೊಳ್ಳುವವನಿಗೆ ಸಿಗುವ ಜಾಗ ಕಣ್ಣಿಗೆ ಕಂಡಷ್ಟಲ್ಲ. ಇನ್ನೊಂದು ಮೂಲಗೇಣಿ: ಉಡುಪಿ ಪೇಟೆಯ ಹಲವು ಮನೆ, ಅಂಗಡಿಗಳ ಅಡಿಯ ಜಾಗ ಇನ್ನೂ ಮೂಲಗೇಣಿಯದು. ಗೇಣಿದಾರರಿಗೆ ಒಡೆತನ ಕೊಡಲೆಂದು ರಾಜ್ಯ 2011ರಲ್ಲಿ ಮೂಲಗೇಣಿ ಕಾಯ್ದೆಯನ್ನು ತಂದಿತು, ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಇಂಥ ಆಸ್ತಿಗೆ ಬಾಡಿಗೆ ಚೆನ್ನಾಗಿ ಬಂದರೂ ಬ್ಯಾಂಕ್ ಸಾಲ ಮತ್ತು ಮರುಮಾರಾಟ ಸುಲಭವಲ್ಲ.

ಹೊಸ ಅಪಾರ್ಟ್‌ಮೆಂಟಿನಲ್ಲಿ ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ರಕ್ಷಣೆ ಇದೆ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಿರಲೇಬೇಕು.

ಬಾಡಿಗೆಯ ಕಾನೂನು

1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಊರುಗಳಲ್ಲಿ 2,000 ರೂ. ಮೀರಿದ ವಾಸದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದಿನ ಬಾಡಿಗೆಗಳು ಬಹುಪಾಲು ಅದರಾಚೆ ಇರುವುದರಿಂದ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಇಬ್ಬರ ನಡುವಿನ ಕರಾರೇ ಮುಖ್ಯ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಹದಿನೈದು ದಿನಗಳ ನೋಟಿಸು ಸಾಕು. ವರ್ಷಕ್ಕೂ ಮೇಲ್ಪಟ್ಟ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಯಾದದ್ದು ಇದರಿಂದ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ, ಆದರೆ ಅದು ಜಾರಿಗೆ ಬರಲು ಪ್ರತಿ ರಾಜ್ಯವೂ ತನ್ನ ಕಾನೂನು ಮಾಡಬೇಕು.

ಕರಾರಿನಲ್ಲಿ ವರ್ಷದ ಏರಿಕೆ, ಅಡ್ವಾನ್ಸ್ ಮರಳಿಸುವ ದಿನ, ಬಣ್ಣದ ಖರ್ಚು, ಒಟ್ಟು ಎಷ್ಟು ಜನ ಎಂಬುದು ಸ್ಪಷ್ಟವಾಗಿರಬೇಕು. ಮಣಿಪಾಲಕ್ಕೆ ಹೊರದೇಶದ ವಿದ್ಯಾರ್ಥಿಗಳೂ ಬರುತ್ತಾರೆ. ಅವರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು.

ತೆರಿಗೆಯ ಕೆಲವು ಸಂಗತಿಗಳು

ಬಾಡಿಗೆ ಆದಾಯಕ್ಕೆ ಸಿಗುವ ಶೇ. 30ರ ವಿನಾಯಿತಿಗೆ ರಸೀದಿ ಬೇಕಿಲ್ಲ. ಖರ್ಚು ಅದಕ್ಕಿಂತ ಹೆಚ್ಚಾದರೂ ಬೇರೆ ಕಡಿತವಿಲ್ಲ, ಆಸ್ತಿ ತೆರಿಗೆ ಮತ್ತು ಸಾಲದ ಬಡ್ಡಿಯನ್ನು ಬಿಟ್ಟು. ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯಿಂದಾದ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗಿಲ್ಲ. ಸಾಲದ ಮೇಲೆ ಮನೆ ಕೊಳ್ಳಲು ಹಿಂದೆ ಇದ್ದ ಒಂದು ದೊಡ್ಡ ಆಕರ್ಷಣೆ ಇದರಿಂದ ಮಸುಕಾಗಿದೆ.

ಮಾಲಕ ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಸಣ್ಣದಿರಲಿ, ಬಾಡಿಗೆದಾರ ಸಾಮಾನ್ಯವಾಗಿ ಶೇ. 31.2 ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟಬೇಕು. ದುಬೈ, ಮಸ್ಕತ್ತಿನಲ್ಲಿ ದುಡಿಯುವವರ ಮನೆಗಳು ಬಹಳವಿರುವ ಈ ಜಿಲ್ಲೆಯಲ್ಲಿ ಇದು ಹೆಚ್ಚು ಜನರಿಗೆ ಗೊತ್ತಾಗಬೇಕಾದ ನಿಯಮ. ಪಿಜಿ ನಡೆಸುವವರಿಗೆ ಸಂಬಂಧಿಸಿದ್ದು ಜಿಎಸ್‌ಟಿ: ತಲಾ ತಿಂಗಳಿಗೆ 20,000 ರೂ. ಮೀರದ, ಕನಿಷ್ಠ 90 ದಿನ ನಿರಂತರವಾದ ವಸತಿಗೆ 2024ರ ಜುಲೈಯಿಂದ ವಿನಾಯಿತಿ ಇದೆ. ಎರಡು ವರ್ಷಕ್ಕೂ ಹೆಚ್ಚು ಇಟ್ಟುಕೊಂಡ ಆಸ್ತಿಯನ್ನು ಮಾರಿದಾಗ ಲಾಭದ ಮೇಲೆ ಶೇ. 12.5 ತೆರಿಗೆ, 2024ರ ಜುಲೈ 23ಕ್ಕಿಂತ ಮೊದಲು ಕೊಂಡ ನಿವಾಸಿಗಳಿಗೆ ಹಣದುಬ್ಬರ ಕಳೆದು ಶೇ. 20 ಕಟ್ಟುವ ಆಯ್ಕೆಯೂ ಇದೆ.

ಕಾಪು ಮತ್ತು ಕಾರ್ಕಳ

ಪರ್ಕಳದಿಂದ ಆಚೆ, ಅದೇ ಉಡುಪಿ ಜಿಲ್ಲೆಯಲ್ಲೇ ಬೇಡಿಕೆಯ ಬಣ್ಣ ಬೇರೆಯಾಗುತ್ತದೆ. 1901ರ ದೀಪಸ್ತಂಭದಿಂದ ಹೆಸರಾದ ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನ ಮನೆಗಳಿಗೆ ಉಡುಪಿ, ಮಂಗಳೂರು ಎರಡೂ ಕಡೆ ಕೆಲಸಕ್ಕೆ ಹೋಗುವವರು ಸಿಗುತ್ತಾರೆ. ದಕ್ಷಿಣಕ್ಕೆ ಯಲ್ಲೂರಿನ 1,200 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರ, ಒಳನಾಡಿನಲ್ಲಿ ಬಂಟಕಲ್ಲಿನ ಎಂಜಿನಿಯರಿಂಗ್ ಕಾಲೇಜು ಬಾಡಿಗೆದಾರರನ್ನು ತರುತ್ತವೆ. ಕಡಲಂಚಿನಲ್ಲಿ ಹೋಂಸ್ಟೇ ಆಸೆ ಇಟ್ಟುಕೊಳ್ಳುವವರು ಕರಾವಳಿ ನಿಯಂತ್ರಣ ವಲಯದ ನಿರ್ಬಂಧ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣ, ಮಳೆಗಾಲದ ಬರಿದಾದ ಕೋಣೆಗಳು – ಈ ಮೂರನ್ನೂ ಲೆಕ್ಕಿಸಬೇಕು.

1432ರ ಗೊಮ್ಮಟನ ಊರಾದ ಕಾರ್ಕಳದಲ್ಲಿ ಜಾಗದ ಬೆಲೆ ಮಣಿಪಾಲದಷ್ಟಿಲ್ಲ, ಬಾಡಿಗೆಯೂ ಅಷ್ಟಿಲ್ಲ. ಹತ್ತಿರದ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ತಂದಿದೆ. ಬೆಲೆ ಮತ್ತು ಬಾಡಿಗೆ ಎರಡೂ ಕಡಿಮೆಯಿರುವಲ್ಲಿ ಶೇಕಡದ ಪ್ರತಿಫಲ ಕೆಲವೊಮ್ಮೆ ಮೇಲಾಗಿಯೇ ಕಾಣುತ್ತದೆ, ಆದರೆ ಮಾರಬೇಕಾದಾಗ ಕೊಳ್ಳುವವರು ಕಡಿಮೆ.

ಈಚಿನ ಬೆಳವಣಿಗೆ ಮತ್ತು ಬೇರೆ ದಾರಿಗಳು

ಹೆದ್ದಾರಿ 169ಎಯ ಚತುಷ್ಪಥ ಕಾಮಗಾರಿ ಪರ್ಕಳ ಪೇಟೆಯ ಭಾಗದಲ್ಲಿ ಭೂಸ್ವಾಧೀನದ ತಕರಾರಿನಿಂದ ವರ್ಷಗಟ್ಟಲೆ ತಡವಾಯಿತು. ಅಗಲ ರಸ್ತೆ ಮಣಿಪಾಲವನ್ನು ಹತ್ತಿರ ತರುತ್ತದೆ. ಅದೇ ರಸ್ತೆ ಆತ್ರಾಡಿ, ಹಿರಿಯಡ್ಕದ ಅಗ್ಗದ ಮನೆಗಳನ್ನೂ ಮಣಿಪಾಲಕ್ಕೆ ಹತ್ತಿರ ತಂದು ಪರ್ಕಳದ ಬಾಡಿಗೆಗೆ ಪೈಪೋಟಿ ಒಡ್ಡುತ್ತದೆ. ರಸ್ತೆಯಂಚಿನ ಆಸ್ತಿ ಕೊಳ್ಳುವವರು ಸ್ವಾಧೀನದ ಗಡಿ ಎಲ್ಲಿಗೆ ಬರುತ್ತದೆ ಎಂದು ಮೊದಲು ನೋಡಬೇಕು.

ಆಸ್ತಿ ನೋಡಿಕೊಳ್ಳಲು ಊರಿನಲ್ಲಿ ಯಾರೂ ಇಲ್ಲದವರಿಗೆ ಬೇರೆ ದಾರಿಗಳೂ ಇವೆ. ಅರುವತ್ತು ದಾಟಿದವರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 8.2ಕ್ಕೆ ಏರಿತು. ಭಾರತದಲ್ಲಿ 2019ರಲ್ಲಿ ಬೆಂಗಳೂರಿನ ಎಂಬೆಸಿ ಸಮೂಹದ ಕಚೇರಿ ಕಟ್ಟಡಗಳಿಂದ ಆರಂಭವಾದ ರೀಟ್‌ಗಳು ಬಾಡಿಗೆ ಆದಾಯದ ಪಾಲನ್ನು ಷೇರಿನಂತೆ ಕೊಳ್ಳಲು ಬಿಡುತ್ತವೆ, ಮತ್ತು ಹಂಚಬಹುದಾದ ಆದಾಯದಲ್ಲಿ ಶೇ. 90ನ್ನು ಹಂಚಲೇಬೇಕು. ಸೋರುವ ತಾರಸಿಯ ಚಿಂತೆ ಅಲ್ಲಿಲ್ಲ, ಆದರೆ ಬೇಕೆಂದಾಗ ಮರಳಿ ವಾಸಿಸಲು ಮನೆಯೂ ಇಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಪರ್ಕಳ ವಲಯದಲ್ಲಿ ಮೂರು ಸ್ಥಿತಿಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಸ್ವಂತ ಜಾಗ, ಸರಿಯಾದ ದಾಖಲೆ, ಬೇಸಿಗೆಯಲ್ಲೂ ಬತ್ತದ ಬಾವಿ ಇರುವವರು ಸಣ್ಣ ಸಾಲದಲ್ಲಿ ಕಟ್ಟುವ ಬಾಡಿಗೆ ಮನೆ ಠೇವಣಿಯ ಜೊತೆ ನಿಲ್ಲಬಲ್ಲದು. ಪೂರ್ತಿ ಕೈಹಣದಿಂದ ಕೊಂಡು, ಮುಂದೆ ತಾವೇ ಬಂದು ನೆಲೆಸುವ ಯೋಜನೆ ಇರುವವರಿಗೆ ಫ್ಲ್ಯಾಟು ಅರ್ಧ ಹೂಡಿಕೆ, ಅರ್ಧ ಮನೆ, ಶೇ. 2ರ ಆದಾಯ ಅವರಿಗೆ ಅಡ್ಡಿಯಲ್ಲ. ಬಹುಪಾಲು ಸಾಲದಿಂದ, ದೂರದಲ್ಲಿದ್ದುಕೊಂಡು, ವಿದ್ಯಾರ್ಥಿಗಳ ಬಾಡಿಗೆಯನ್ನೇ ನಂಬಿ ಕೊಳ್ಳುವ ಫ್ಲ್ಯಾಟು ಮಾತ್ರ ಮಾದರಿ ಲೆಕ್ಕದ ಯಾವ ಸಾಲಿನಲ್ಲೂ ತನ್ನ ಬಡ್ಡಿಯನ್ನು ತಾನು ದುಡಿಯುವುದಿಲ್ಲ.